ತಾಮ್ರದಲ್ಲಿ ಬರೆದುಕೊಟ್ಟ ದೊರೆಗೆ

ಕಂಚಿಯ ಮಹಾರಾಜ ಪಲ್ಲವ ಶಿವಸ್ಕಂದವರ್ಮರ ಪಾದಕ್ಕೆ, ಹಿರೇಹಡಗಲಿಯ ಹಿಟ್ಟಿನ ಗಿರಣಿಯವನ ಶರಣು.

ತಾವು ತೀರಿಕೊಂಡು ಸಾವಿರದ ಆರುನೂರು ವರ್ಷದ ಮೇಲಾಯಿತು ಅನ್ನುವುದು ನನಗೆ ಗೊತ್ತು. ಬದುಕಿದ್ದವರಿಗೆಲ್ಲ ಬರೆದು ಮುಗಿದಿದೆ, ಅದಕ್ಕೇ ತಮಗೆ ಬರೆಯುತ್ತಿದ್ದೇನೆ.

ನನ್ನ ಅಕ್ಕನ ಮಗಳು 800 ಮೀಟರ್ ಓಡುತ್ತಾಳೆ. ರಾಷ್ಟ್ರೀಯ ಜೂನಿಯರ್ ಚಾಂಪಿಯನ್‌ಶಿಪ್ಪಿಗೆ ಇನ್ನು ಒಂಬತ್ತೇ ದಿನ. ರೈಲು ಚಾರ್ಜಿಗೂ ಒಂದು ಜೊತೆ ಸ್ಪೈಕ್ಸಿಗೂ ಸಹಾಯ ಕೇಳಿ ನಾಲ್ಕು ತಿಂಗಳ ಹಿಂದೆ ಒಂದು ಕಚೇರಿಗೆ ಅರ್ಜಿ ಕೊಟ್ಟಿದ್ದೆವು. ಯಾವ ಕಚೇರಿ ಅಂತ ಹೇಳುವುದಿಲ್ಲ. ಬೋರ್ಡಿನ ಅರ್ಧ ಅಕ್ಷರ ಉದುರಿವೆ, ಕಚೇರಿಗೇ ತನ್ನ ಹೆಸರು ಪೂರ್ತಿ ನೆನಪಿರಲಿಕ್ಕಿಲ್ಲ. ಮೊನ್ನೆ ಫೋನು ಬಂತು, "ಹುಡುಗಿ ಖುದ್ದು ಬರಬೇಕು" ಅಂತ. ನಿನ್ನೆ ಎರಡು ಬಸ್ಸು ಬದಲಿಸಿ ಹೋದೆವು. ಹನ್ನೊಂದರಿಂದ ಮೂರರವರೆಗೆ ನಿಂತೆವು. ಅಲ್ಲಿ ಕುರ್ಚಿ ಎರಡಿದ್ದವು. ಒಂದರ ಮೇಲೆ ಪ್ರಿಂಟರ್ ಕೂತಿತ್ತು, ಇನ್ನೊಂದರ ಮೇಲೆ ಪ್ರಿಂಟರಿನ ಡಬ್ಬ. ಮೂರಕ್ಕೆ ಸಾಹೇಬರು ಬಂದು ಅರ್ಜಿಯನ್ನು ತಿರುವಿ ನೋಡಿ, "ಮೇಲಿಂದ ಬರಬೇಕು" ಅಂದರು.

ದೊರೆಯೇ, ತಮಗೆ ಮೈಲಾರದ ಕಾರ್ಣಿಕದ ವಿಷಯ ಹೇಳಬೇಕು. ನಮ್ಮ ತಾಲೂಕಿನದೇ ಜಾತ್ರೆ, ಭರತ ಹುಣ್ಣಿಮೆಯ ಹೊತ್ತಿಗೆ. ದಿನಗಟ್ಟಲೆ ಉಪವಾಸವಿದ್ದ ಗೊರವಯ್ಯ ಎತ್ತರದ ಬಿಲ್ಲು ಏರಿ "ಸದ್ದಲೇ" ಅಂತ ಕೂಗುತ್ತಾನೆ. ಅಷ್ಟೂ ಜನ ಉಸಿರು ಹಿಡಿಯುತ್ತಾರೆ. ಒಂದೇ ಸಾಲು ನುಡಿದು ಕೆಳಗೆ ಬೀಳುತ್ತಾನೆ. ಆ ಸಾಲು ಮಳೆಗೋ, ಬೆಳೆಗೋ, ಮುಖ್ಯಮಂತ್ರಿಯ ಕುರ್ಚಿಗೋ ಅಂತ ನಾವು ವರ್ಷವಿಡೀ ಅರ್ಥ ಬಿಡಿಸುತ್ತೇವೆ. "ಮೇಲಿಂದ ಬರಬೇಕು" ಕೂಡ ಅಂಥದೇ ಕಾರ್ಣಿಕ. ಬರಬೇಕಾದ್ದು ದುಡ್ಡೋ, ಆದೇಶವೋ, ಮಳೆಯೋ? ಗೊರವಯ್ಯ ಮಾತ್ರ ಉಪವಾಸವಿದ್ದು ಹೇಳುತ್ತಾನೆ. ಇವರು ಊಟ ಮುಗಿಸಿ ಬಂದು ಹೇಳಿದರು.

ಆಮೇಲೆ ಹೊಸ ಫಾರಂ ಕೊಟ್ಟರು. ಅದರಲ್ಲಿ "ಪ್ರಾಯೋಜಕರ ಹೆಸರು" ಅಂತ ಒಂದು ಕಾಲಂ. "ಯಾರೂ ಇಲ್ಲರೀ, ಅದಕ್ಕ ಬಂದೀವಿ" ಅಂದೆ. "ಖಾಲಿ ಬಿಟ್ರ ಕಂಪ್ಯೂಟರ್ ತಗಣಂಗಿಲ್ಲ" ಅಂದರು. "ಜೋಳದ ಹಿಟ್ಟು" ಅಂತ ಬರೆದೆ. ಕಂಪ್ಯೂಟರ್ ತಗೊಂಡಿತು.

ಈಗ ತಮ್ಮ ವಿಷಯಕ್ಕೆ ಬರುತ್ತೇನೆ. ನಾಲ್ಕನೇ ಶತಮಾನದಲ್ಲಿ ತಾವು ಕಂಚಿಯಿಂದ ಹೊರಡಿಸಿ ಈ ಸೀಮೆಗೆ ಕಳಿಸಿದ ತಾಮ್ರದ ಆದೇಶ ಸಿಕ್ಕಿದ್ದು ನಮ್ಮೂರಲ್ಲೇ. ಹಿರೇಹಡಗಲಿಯ ತಾಮ್ರಪಟ ಅಂತ ಪ್ರಾಕೃತ ಓದಿದವರೆಲ್ಲ ನಮ್ಮೂರ ಹೆಸರು ಹೇಳುತ್ತಾರೆ. ತಮ್ಮ ಹಿರಿಯರು, ಬಪ್ಪ ಮಹಾರಾಜರು, ಬ್ರಾಹ್ಮಣರಿಗೆ ಕೊಟ್ಟಿದ್ದ ತೋಟವನ್ನು ತಾವು ಕಾಯಂ ಮಾಡಿದ ಆದೇಶ ಅದು. ಅಂದರೆ ಅಪ್ಪನ ಕಾಲದಲ್ಲಿ ಮಂಜೂರು, ಮಗನ ಕಾಲದಲ್ಲಿ ಕಾಗದ. ಕಡತಗಳ ನಡಿಗೆ ಆಗಲೇ ಹಿಂಗಿತ್ತು ಅಂತ ತಿಳಿದು ನನಗೆ ಅರ್ಧ ಸಮಾಧಾನವಾಯಿತು. ಆದರೂ ತಮ್ಮ ಆದೇಶದಲ್ಲಿ ತಾರೀಕಿದೆ: ಆಳ್ವಿಕೆಯ 8ನೇ ವರ್ಷ, ಮಳೆಗಾಲದ ಆರನೇ ಪಕ್ಷ, ಐದನೇ ದಿನ. ಬರೆದವನ ಹೆಸರೂ ಇದೆ, ಭಟ್ಟಿಶರ್ಮ. ಯಾರು ಯಾರಿಗೆ ತಿಳಿಸಿದ್ದು ಅನ್ನುವುದೂ ಇದೆ: ರಾಜಕುಮಾರರಿಗೆ, ಸೇನಾಪತಿಗಳಿಗೆ, ಸುಂಕದವರಿಗೆ, ಅಮಾತ್ಯರಿಗೆ, ಅಷ್ಟೇಕೆ, ದನ ಕಾಯುವವರಿಗೂ. ನಾನು ನಾಲ್ಕು ತಿಂಗಳು ಅಲೆದೆ. ತಾರೀಕು ಹಾಕಿದ ಸ್ವೀಕೃತಿ ಚೀಟಿ ಒಂದಾದರೂ ಸಿಕ್ಕಿದ್ದರೆ ಅದನ್ನೇ ತಾಮ್ರದಲ್ಲಿ ಕೊರೆಸಿ ಕಲ್ಲೇಶ್ವರನ ಗುಡಿಯಲ್ಲಿ ಇಡುತ್ತಿದ್ದೆ.

ಹುಡುಗಿಯ ತಯಾರಿ ಹೇಗೆ ಅಂತ ತಾವಾದರೂ ಕೇಳುತ್ತಿದ್ದಿರಿ. ನಸುಕಿನಲ್ಲಿ ಏಳುತ್ತಾಳೆ. ಶಾಲೆ ಮೈದಾನದಲ್ಲಿ ಸುಣ್ಣದ ಗೆರೆಯ 200 ಮೀಟರ್ ಸುತ್ತು ಹಾಕಿದ್ದೇವೆ. ದೊಡ್ಡ ಟ್ರ್ಯಾಕಿನವರು ಎರಡು ಸುತ್ತಿಗೆ ಮುಗಿಸುವ ಓಟಕ್ಕೆ ಇವಳು ನಾಲ್ಕು ಸುತ್ತು ತಿರುಗಬೇಕು. ತಿರುವು ಎಷ್ಟು ಬಿಗಿಯೆಂದರೆ ಶೂ ಒಂದೇ ಮಗ್ಗುಲಿಗೆ ಸವೆಯುತ್ತದೆ. ಎರೆಮಣ್ಣು ಬೇರೆ. ಒಂದು ಮಳೆ ಬಿದ್ದರೆ ಪಾದಕ್ಕೆ ಅರ್ಧ ಕೆ.ಜಿ. ಅಂಟುತ್ತದೆ. ದುಡ್ಡಿದ್ದವರು ಕಾಲಿಗೆ ಭಾರ ಕಟ್ಟಿಕೊಂಡು ಓಡಲು ಫೀಸು ಕೊಡುತ್ತಾರಂತೆ, ನಮಗದು ಪುಕ್ಕಟೆ.

ಮಳೆ ಬಂದ ದಿನ ಡಾಂಬರು ರಸ್ತೆ. ಸೈಕಲ್ ಗಾಲಿಗೆ ಕೆಂಪು ದಾರ ಕಟ್ಟಿ, ಒಂದು ಸುತ್ತಿಗೆ ಎರಡು ಮೀಟರ್ ಇಪ್ಪತ್ತು ಸೆಂಟಿಮೀಟರ್ ಲೆಕ್ಕದಲ್ಲಿ, 182 ಸುತ್ತು ಎಣಿಸಿ 400 ಮೀಟರಿಗೆ ಗುರುತು ಹಾಕಿದೆ. ಆರು ಸಲ 400 ಓಡುತ್ತಾಳೆ, ಪ್ರತಿಯೊಂದೂ 72 ಸೆಕೆಂಡಿನೊಳಗೆ, ನಡುವೆ ಮೂರು ನಿಮಿಷ ವಿಶ್ರಾಂತಿ. ಸುಗ್ಗಿಯಲ್ಲಿ ಆ ರಸ್ತೆಯ ಮೇಲೆ ಮೆಕ್ಕೆಜೋಳ ಹರವಿರುತ್ತಾರೆ. ಆಗ ಅದು ಹರ್ಡಲ್ಸ್. ಓಟ ಮುಗಿಸಿ ಶೇಂಗಾ ಬೆಲ್ಲ ತಿಂದು, ಬಿಸಿಲು ಏರುವ ಮೊದಲು ಮಲ್ಲಿಗೆ ಮೊಗ್ಗು ಬಿಡಿಸಲು ಕೂಲಿಗೆ ಓಡುತ್ತಾಳೆ. ಹಡಗಲಿ ಮಲ್ಲಿಗೆಗೆ ಜಿಐ ಮಾನ್ಯತೆ ಸಿಕ್ಕಿದೆ. ಬಿಡಿಸುವವಳಿಗೆ ಇನ್ನೂ ಮೇಲಿಂದ ಬರಬೇಕು.

ಅವಳ ಒಳ್ಳೆಯ ಸಮಯ 2 ನಿಮಿಷ 13 ಸೆಕೆಂಡ್. ಮೊದಲ 400 ಮೀಟರಿಗೆ 64, ಎರಡನೆಯದಕ್ಕೆ 69. ಆ ಐದು ಸೆಕೆಂಡ್ ಎಲ್ಲಿ ಹೋಯಿತು ಅಂತ ನಾವಿಬ್ಬರೂ ವರ್ಷದಿಂದ ಹುಡುಕುತ್ತಿದ್ದೇವೆ. 600 ಮೀಟರಿನ ಹತ್ತಿರ ಕಾಲಿಗೆ ಸೀಸ ಹೊಯ್ದ ಹಾಗಾಗುತ್ತದಂತೆ.

ಪ್ರಾಯೋಜಕರಿಲ್ಲದ ಓಟಗಾರರು ಏನು ಮಾಡುತ್ತಾರೆ ಅಂತಲೂ ವಿಚಾರಿಸಿದೆ. ಅಮೆರಿಕದ 800 ಮೀಟರ್ ಓಟಗಾರ ನಿಕ್ ಸಿಮ್ಮಂಡ್ಸ್ 2012ರಲ್ಲಿ ತನ್ನ ಭುಜವನ್ನೇ ಜಾಹೀರಾತಿಗೆ ಹರಾಜು ಹಾಕಿದ. 11,100 ಡಾಲರ್ ಬಂತು. ಓಡುವಾಗ ಮಾತ್ರ ನಿಯಮದಂತೆ ಅದರ ಮೇಲೆ ಟೇಪು ಅಂಟಿಸಿಕೊಳ್ಳಬೇಕಾಯಿತು. ನಮ್ಮ ಹುಡುಗಿಗೂ ಎರಡು ಭುಜ ಇವೆ, ನಮ್ಮ ಸಂತೆಯಲ್ಲಿ ಏನು ದರ ಬರುತ್ತದೋ ನೋಡೋಣ ಅಂದೆ. ನಮ್ಮಕ್ಕ ಒಲೆಯ ಮುಂದಿನ ಊದುಗೊಳವೆ ಎತ್ತಿಕೊಂಡಳು. ಆ ಮಾತು ಅಲ್ಲಿಗೇ ಬಿಟ್ಟೆ.

ಇನ್ನೊಂದು ದಾರಿ ಕೋಣ. 2020ರ ಫೆಬ್ರುವರಿಯಲ್ಲಿ ಕರಾವಳಿಯ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಗದ್ದೆಯನ್ನು ಹದಿಮೂರು ಚಿಲ್ಲರೆ ಸೆಕೆಂಡಿಗೆ ದಾಟಿದರು. ದೇಶವೆಲ್ಲ ಉಸೇನ್ ಬೋಲ್ಟ್ ಹೆಸರು ತೆಗೆಯಿತು. ಕೇಂದ್ರದ ಕ್ರೀಡಾ ಮಂತ್ರಿಗಳೇ ಟ್ರಯಲ್ಸಿಗೆ ಕರೆದು, ರೈಲು ಟಿಕೆಟ್ ಆಗಿದೆ ಅಂತಲೂ ತಿಳಿಸಿದರು. ಕಂಬಳವೇ ಬೇರೆ, ಟ್ರ್ಯಾಕೇ ಬೇರೆ ಅಂತ ಗೌಡರು ನಯವಾಗಿ ಬೇಡವೆಂದರು. ಕೇಳದವರ ಮನೆಗೆ ಟಿಕೆಟ್ ಹೋಗುತ್ತದೆ ದೊರೆಯೇ. ನಾನು ಹುಡುಗಿಯ ಮುಂದೆ ಎರಡು ಎಮ್ಮೆ ಕಟ್ಟಬೇಕಿತ್ತು.

ಹಾಸ್ಯ ಸಾಕು. ನಿನ್ನೆ ಆ ಕಚೇರಿಯಲ್ಲಿ ನಿಂತ ವಿಷಯ ನನ್ನ ಗಂಟಲಿನಿಂದ ಇಳಿಯುತ್ತಿಲ್ಲ.

ದೊಡ್ಡ ಓಟಕ್ಕೆ ಮುಂಚಿನ ಹತ್ತು ದಿನ ಕಾಲಿಗೆ ವಿಶ್ರಾಂತಿ ಕೊಡಬೇಕು. ಓಟ ಕಮ್ಮಿ, ನಿದ್ದೆ ಜಾಸ್ತಿ. ಇದನ್ನು ತಿಳಿಯಲು ಕೋಚ್ ಬೇಕಿಲ್ಲ, ಎತ್ತು ಸಾಕಿದವನಿಗೂ ಗೊತ್ತು. ಜಾತ್ರೆಯ ಹಿಂದಿನ ವಾರ ಓಟದ ಎತ್ತನ್ನು ಯಾರಾದರೂ ನೊಗಕ್ಕೆ ಹೂಡುತ್ತಾರೆಯೇ? ಆ ಹುಡುಗಿಗೆ ಇರುವ ಆಸ್ತಿ ಎರಡು ಕಾಲು. ಅವುಗಳ ಮೇಲೆಯೇ ನಾಲ್ಕು ತಾಸು ನಿಲ್ಲಿಸಿದರು. ನಾಲ್ಕು ತಾಸಿನಲ್ಲಿ ಅವಳು 800 ಮೀಟರನ್ನು ನೂರು ಸಲ ಮುಗಿಸಬಹುದಿತ್ತು. ಪ್ರಿಂಟರ್ ಇಳಿಸಿ "ಕೂಡವ್ವ" ಅನ್ನಲು ಯಾವ ಆದೇಶ ಬೇಕು? ಅದೂ ಮೇಲಿಂದ ಬರಬೇಕೇ? ಇವತ್ತು ಬೆಳಿಗ್ಗೆ ಅವಳ ಮೀನಖಂಡ ಬಿಗಿದುಕೊಂಡಿತ್ತು. ಮಾಡಬೇಕಿದ್ದ 300 ಮೀಟರಿನ ಓಟಗಳು ತಪ್ಪಿದವು. ಬಿಸಿನೀರಲ್ಲಿ ಉಪ್ಪು ಹಾಕಿ ಕಾಲು ಇಟ್ಟುಕೊಂಡು, ನನ್ನನ್ನೇ ಸಮಾಧಾನ ಮಾಡಿದಳು: "ಇರ್ಲಿ ಬಿಡು ಮಾಮ, ನಿಲ್ಲಾದು ಪ್ರಾಕ್ಟೀಸ್ ಆತು."

ಶ್ರೀರಾಮ್ ಸಿಂಗ್ 1976ರ ಮಾಂಟ್ರಿಯಲ್ ಒಲಿಂಪಿಕ್ಸಿನಲ್ಲಿ 800 ಮೀಟರನ್ನು 1 ನಿಮಿಷ 45.77 ಸೆಕೆಂಡಿಗೆ ಓಡಿದ್ದರು. ಆ ರಾಷ್ಟ್ರೀಯ ದಾಖಲೆಯನ್ನು ಜಿನ್ಸನ್ ಜಾನ್ಸನ್ ಮುರಿದದ್ದು 2018ರಲ್ಲಿ. ನಡುವಿನ 42 ವರ್ಷ ದೇಶದ ಓಟಗಾರರೆಲ್ಲ ಏನು ಮಾಡುತ್ತಿದ್ದರು ಅಂತ ನನಗೆ ಯಾವಾಗಲೂ ಅನುಮಾನವಿತ್ತು. ನಿನ್ನೆ ತಿಳಿಯಿತು. ನಿಂತಿದ್ದರು.

ಸ್ಪೈಕ್ಸ್ ಆಸೆ ಬಿಟ್ಟಿದ್ದೇನೆ. ಸೀನಿಯರ್ ಒಬ್ಬಳ ಹಳೇ ಜೊತೆ ಸಿಕ್ಕಿದೆ, ಒಂದು ಸೈಜು ದೊಡ್ಡದು, ಮುಂದೆ ಹತ್ತಿ ತುರುಕಿದ್ದೇವೆ. ಟಿಕೆಟಿಗೆ ಗಿರಣಿಯ ಬೆಲ್ಟ್ ಬದಲಿಸಲು ಇಟ್ಟಿದ್ದ ದುಡ್ಡು ಹೋಯಿತು. ಬೆಲ್ಟ್ ಹರಿದರೆ ಊರಿನವರು ನನ್ನನ್ನು ಬೈಯಬಾರದು, ಫಾರಂ ನೋಡಲಿ. ಪ್ರಾಯೋಜಕರು ಜೋಳದ ಹಿಟ್ಟು ಅಂತ ಸ್ಪಷ್ಟವಾಗಿ ಬರೆದಿದೆ.

ತಮ್ಮ ಆದೇಶದಂತೆಯೇ ಈ ಪತ್ರವೂ ದನ ಕಾಯುವವರಿಗೆ ತಲುಪಲಿ. ಅಣ್ಣಗಳಿರಾ, ಇನ್ನು ಒಂಬತ್ತು ದಿನ ಬೆಳಿಗ್ಗೆ ಐದರಿಂದ ಆರೂವರೆವರೆಗೆ ಶಾಲೆ ಮೈದಾನಕ್ಕೆ ಎಮ್ಮೆ ಬಿಡಬೇಡಿ. ಮೆಕ್ಕೆಜೋಳ ಹರವುವವರು ರಸ್ತೆಯ ಎಡ ಮಗ್ಗುಲು ಮೂರು ಅಡಿ ಖಾಲಿ ಬಿಡಿ. ಇದಕ್ಕೆ ಮೇಲಿಂದ ಏನೂ ಬರಬೇಕಾಗಿಲ್ಲ.