ಸರ್ವರ್ ಯಜಮಾನರು

ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಇಂಥವರೊಬ್ಬರು ಸಿಕ್ಕೇ ಸಿಗುತ್ತಾರೆ. ವಯಸ್ಸು ನಲವತ್ತರ ಆಸುಪಾಸು, ಕಸುಬು ಸಾಫ್ಟ್‌ವೇರ್. ಬೇರೆಯವರು ಸೈಟು, ಚಿನ್ನ, ಮ್ಯೂಚುವಲ್ ಫಂಡು ಎಂದು ಮಾತಾಡುವಾಗ ಇವರು ಎದೆಯುಬ್ಬಿಸಿ ಹೇಳಿಕೊಳ್ಳುವ ಆಸ್ತಿ ಒಂದೇ: “ನಮ್ಮನೆಗೆ ಸ್ವಂತ ಪಬ್ಲಿಕ್ ಐಪಿ ಇದೆ ಸಾರ್.”

ನಗಬೇಡಿ. ಐಪಿವಿ4 ವಿಳಾಸಗಳು ಇರುವುದೇ ಒಟ್ಟು 429 ಕೋಟಿ. ತಲೆಗೊಂದರಂತೆ ಹಂಚಲೂ ಸಾಲದು. ಜಾಗತಿಕ ದಾಸ್ತಾನು 2011ರ ಫೆಬ್ರವರಿಯಲ್ಲೇ ಬರಿದಾಯಿತು. ಹಾಗಾಗಿ ಇಂಟರ್‌ನೆಟ್ ಕೊಡುವ ಅನೇಕ ಕಂಪನಿಗಳು ಒಂದೇ ವಿಳಾಸದ ಹಿಂದೆ ಹತ್ತಾರು ಮನೆಗಳನ್ನು ಕೂರಿಸುತ್ತವೆ. ಸಿಜಿನ್ಯಾಟ್ ಎನ್ನುವ ಈ ಏರ್ಪಾಟಿನಲ್ಲಿ ಒಳಗಿನವರು ಹೊರಗೆ ಹೋಗಬಹುದು, ಹೊರಗಿನವರು ಒಳಗೆ ಬರುವಂತಿಲ್ಲ. ರೂಟರ್‌ನಲ್ಲಿ 100.64ರಿಂದ ಶುರುವಾಗುವ ನಂಬರ್ ಕಂಡ ದಿನ ಯಜಮಾನರಿಗೆ ಊಟ ಸೇರಲಿಲ್ಲ. ಕಾಲ್ ಸೆಂಟರಿನ ಹುಡುಗಿ, “ಯಾಕೆ ಸಾರ್, ಯೂಟ್ಯೂಬ್ ಬರ್ತಿಲ್ವಾ?” ಎಂದಳು. ಕೊನೆಗೆ ತಿಂಗಳು ತಿಂಗಳು ಹೆಚ್ಚು ದುಡ್ಡು ತೆತ್ತು ಒಂದೇ ಒಂದು ವಿಳಾಸ ಪಡೆದರು.

ಇದಕ್ಕೆಲ್ಲ ಮೂಲ 2021ರ ಜೂನ್ 1. ಅಂದಿನಿಂದ ಗೂಗಲ್ ಫೋಟೋಸ್‌ನ ಮಿತಿಯಿಲ್ಲದ ಪುಕ್ಕಟೆ ಜಾಗ ನಿಂತಿತು. “ನಮ್ಮ ಫೋಟೋ ನಮ್ಮನೇಲೇ ಇರಲಿ” ಎಂದು ಪಣ ತೊಟ್ಟ ಯಜಮಾನರು ಎಸ್.ಪಿ. ರೋಡಿನಿಂದ ಸೆಕೆಂಡ್‌ಹ್ಯಾಂಡ್ ಮಿನಿ ಪಿಸಿಯೊಂದನ್ನು ಹೊತ್ತು ತಂದು ಚಪ್ಪಲಿ ಸ್ಟ್ಯಾಂಡಿನ ಮೇಲೆ ಪ್ರತಿಷ್ಠಾಪಿಸಿದರು. ಫೋಟೋಗಳಿಗೆ ಇಮ್ಮಿಚ್ ಬಂತು. ಅದರ ಬೆನ್ನಿಗೆ ಸಿನಿಮಾಕ್ಕೆ ಜೆಲ್ಲಿಫಿನ್, ಕಡತಗಳಿಗೆ ನೆಕ್ಸ್ಟ್‌ಕ್ಲೌಡ್, ಪಾಸ್‌ವರ್ಡಿಗೆ ವಾಲ್ಟ್‌ವಾರ್ಡನ್, ಹಾಲಿನ ದೀಪಕ್ಕೆ ಹೋಮ್ ಅಸಿಸ್ಟೆಂಟ್.

ವಿಳಾಸ ಮಾತ್ರ ಒಂದೇ. ಪೋರ್ಟುಗಳು 65,535 ಇದ್ದರೂ ಬ್ರೌಸರ್ ತಾನಾಗಿ ಬಂದು ಬಾಗಿಲು ತಟ್ಟುವುದು 443ನ್ನು, ಮತ್ತು ಐದೂ ಸೇವೆಗಳಿಗೆ ಅದೇ ಬೇಕು. ಆಗ ನೆರವಿಗೆ ಬಂದದ್ದು ರಿವರ್ಸ್ ಪ್ರಾಕ್ಸಿ. ಅದು ಅಪಾರ್ಟ್‌ಮೆಂಟಿನ ವಾಚ್‌ಮನ್ ಇದ್ದಂತೆ: ಗೇಟು ಒಂದೇ, ಬಂದವರನ್ನು “ಯಾರ ಮನೆಗೆ?” ಎಂದು ಕೇಳಿ ಒಳಗೆ ಕಳಿಸುತ್ತದೆ. ಬ್ರೌಸರ್ ತಾನು ಹುಡುಕುತ್ತಿರುವ ಹೆಸರನ್ನು ಮೊದಲೇ ಹೇಳುವುದರಿಂದ ಇದು ಸಾಧ್ಯ. ಈ ಕೆಲಸಕ್ಕೆ ರಷ್ಯಾದ ಇಗೋರ್ ಸಿಸೋಯೆವ್ 2004ರಲ್ಲಿ ಬಿಡುಗಡೆ ಮಾಡಿದ ಎಂಜಿನ್‌ಎಕ್ಸ್ ಇದೆ. ಬೀಗಮುದ್ರೆಯ ಸರ್ಟಿಫಿಕೇಟನ್ನು ಲೆಟ್ಸ್ ಎನ್‌ಕ್ರಿಪ್ಟ್ ಬಿಟ್ಟಿಯಾಗಿ ಕೊಡುತ್ತದೆ, 90 ದಿನಗಳ ಮಟ್ಟಿಗೆ. ನವೀಕರಣ ತಾನಾಗಿ ಆಗಬೇಕು. ಆಗದಿದ್ದರೆ ಗೊತ್ತಾಗುವುದು ಮದುವೆ ಮನೆಯಲ್ಲಿ, ಯಜಮಾನತಿ ಹತ್ತು ಜನರ ನಡುವೆ ಮಗಳ ಡ್ಯಾನ್ಸ್ ಫೋಟೋ ತೋರಿಸಲು ಹೊರಟಾಗ.

ಮನೆಯೊಳಗಿನ ಕಥೆ ಇನ್ನೂ ಸ್ವಾರಸ್ಯ.

“ರೀ, ಗಾಂಧಿ ಬಜಾರಲ್ಲಿ ನಿಂತು ನೋಡಿದ್ರೆ ಓಪನ್ ಆಗುತ್ತೆ, ಮನೇಲಿ ಕೂತು ನೋಡಿದ್ರೆ ಆಗಲ್ವಲ್ಲ?”

ಮನೆಯೊಳಗಿಂದಲೇ ಮನೆಯ ಹೊರವಿಳಾಸ ಹುಡುಕಿ ಹೊರಟವರನ್ನು ಕೆಲವು ರೂಟರ್‌ಗಳು ವಾಪಸ್ ಒಳಗೆ ತಿರುಗಿಸುವುದಿಲ್ಲ. ಅದನ್ನು ಕಾಗದದ ಮೇಲೆ ಚಿತ್ರ ಬರೆದು ವಿವರಿಸುವಷ್ಟರಲ್ಲಿ ಆಕೆ ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ ಫೋಟೋ ನೋಡಿ ಮುಗಿಸಿ, ಒಗ್ಗರಣೆಗೆ ಹೋಗಿರುತ್ತಾರೆ.

ಮನೆಗೆ ಬಂದ ನೆಂಟರಿಗೆ ಕಾಫಿಗಿಂತ ಮೊದಲು ಲಾಗ್ ದರ್ಶನ. ದೂರದಿಂದ ಲಾಗಿನ್ ಆಗಲು ಬಳಸುವ ಪೋರ್ಟ್ 22 ತೆರೆದ ಸ್ವಲ್ಪ ಹೊತ್ತಿಗೇ ಎಲ್ಲೆಲ್ಲಿಯದೋ ಬಾಟ್‌ಗಳು ‘ರೂಟ್’, ‘ಅಡ್ಮಿನ್’ ಎಂದು ಕರೆಯುತ್ತ ಬಾಗಿಲು ಬಡಿಯುತ್ತವೆ. “ನೋಡಿ, ಇಡೀ ಪ್ರಪಂಚ ನಮ್ಮನೆಗೆ ಬರೋಕೆ ನೋಡ್ತಿದೆ!” ಎಂದು ಯಜಮಾನರು ಹಿಗ್ಗುತ್ತಾರೆ. ನೆಂಟರು ಹೆದರಿ ತಮ್ಮ ಫೋನನ್ನು ಜೇಬಿಗೆ ಸೇರಿಸುತ್ತಾರೆ. ಈಚೆಗೆ 22 ಮುಚ್ಚಿ, ವೈರ್‌ಗಾರ್ಡ್ ಎಂಬ ಖಾಸಗಿ ಸುರಂಗದ ಮೂಲಕ ಮಾತ್ರ ಒಳಗೆ ಬರುವುದೆಂದು ತೀರ್ಮಾನವಾಗಿದೆ. ಸೋಲೊಪ್ಪಿಕೊಂಡದ್ದು ಇಮೇಲಿಗೆ ಮಾತ್ರ. ಮನೆ ಸಂಪರ್ಕಗಳಲ್ಲಿ ಸಾಮಾನ್ಯವಾಗಿ ಇಮೇಲ್ ಹೊರಡುವ ಪೋರ್ಟ್ 25 ಬಂದ್. ಹೇಗೋ ಕಳಿಸಿದ ಪತ್ರವೂ ಸ್ಪ್ಯಾಮ್ ಪೆಟ್ಟಿಗೆಗೇ ಬೀಳುತ್ತದೆ.

ದೊಡ್ಡ ಕಂಪನಿಗಳ ಹಂಗು ಬೇಡವೆಂದು ಹೊರಟವರು ಈಗ ತಾವೇ ಒಂದು ಕಂಪನಿ, ಕಸ್ಟಮರ್ ಕೇರ್ ಸಮೇತ. ಕೆಲಸದಾಕೆ ಗುಡಿಸಲು ಪ್ಲಗ್ ಕಿತ್ತರೆ ಐದೂ ಸೇವೆ ನೆಲಕಚ್ಚುತ್ತವೆ. ಶಿವಮೊಗ್ಗದಿಂದ ಅತ್ತೆಯ ಫೋನು: “ಅಳಿಯಂದಿರೇ, ರಾಜ್‌ಕುಮಾರ್ ಸಿನಿಮಾ ಅರ್ಧಕ್ಕೇ ನಿಂತೋಯ್ತಲ್ಲ?” ಯಜಮಾನರು ಆಫೀಸ್ ಮೀಟಿಂಗನ್ನು ಮ್ಯೂಟ್ ಮಾಡಿ ಜೆಲ್ಲಿಫಿನ್‌ಗೆ ಮರುಜೀವ ಕೊಡುತ್ತಾರೆ.

ಉಳಿತಾಯದ ಲೆಕ್ಕ ಕೇಳಬೇಡಿ. 15 ವ್ಯಾಟಿನ ಪೆಟ್ಟಿಗೆ ಹಗಲೂ ರಾತ್ರಿ ಓಡಿದರೂ ತಿಂಗಳಿಗೆ 11 ಯೂನಿಟ್, ಅದು ದೊಡ್ಡದಲ್ಲ. ಐಪಿ ಬಾಡಿಗೆ, ಯುಪಿಎಸ್, ಹಾರ್ಡ್ ಡಿಸ್ಕ್ ಸೇರಿಸಿದರೆ ಮಾತ್ರ ಗೂಗಲ್‌ಗೆ ಕೊಡುವುದೇ ಅಗ್ಗ. ಆದರೂ ಅತ್ತೆಯ ಸಿನಿಮಾಕ್ಕೆ ಜಾಹೀರಾತಿಲ್ಲ, ಮಗಳ ಫೋಟೋ ಬೇರೆಯವರ ಗೋದಾಮಿನಲ್ಲಿಲ್ಲ.

ನಿಮ್ಮ ಮನೆಯಲ್ಲೂ ಇಂಥ ಯಜಮಾನರಿದ್ದರೆ ಒಂದೇ ಪ್ರಶ್ನೆ ಕೇಳಿ: “ಎರಡನೇ ಕಾಪಿ ಎಲ್ಲಿದೆ?” ಮೈಸೂರಲ್ಲಿ ತಮ್ಮನ ಮನೆಯಲ್ಲಿದೆ ಎಂದರೆ ನಿಮ್ಮ ಫೋಟೋಗಳನ್ನೂ ನಂಬಿ ಕೊಡಿ. ಅದೇ ಪೆಟ್ಟಿಗೆಯ ಇನ್ನೊಂದು ಡಿಸ್ಕಿನಲ್ಲಿದೆ ಎಂದರೆ ಈ ಭಾನುವಾರವೇ ಅವರನ್ನು ಎಸ್.ಪಿ. ರೋಡಿಗೆ ಕಳಿಸಿ.