ಪೆಂಗ್ವಿನ್‌ಗೆ ಕೊಟ್ಟ ಮರ್ಯಾದೆ ನಮ್ಮ ಹಕ್ಕಿಗೂ ಕೊಡಿ

ಧ್ರುವ ಸಮುದ್ರದ ಪ್ರಾಣಿ-ಪಕ್ಷಿ ನೋಡಲು ಹಡಗು ಹತ್ತಲಿರುವ ರಾಯಚೂರು ಸೀಮೆಯ ಅಣ್ಣಂದಿರಿಗೆ, ಅಕ್ಕಂದಿರಿಗೆ,



ಅಂಟಾರ್ಕ್ಟಿಕ ಅಂದರೆ ವಿಜ್ಞಾನಿಗಳು ಮಾತ್ರ ಹೋಗುವ ಜಾಗ ಎಂದು ನಾವು ಶಾಲೆಯಲ್ಲಿ ಓದಿದ್ದೆವು. 1981ರ ಕೊನೆಗೆ ಭಾರತದ ಮೊದಲ ತಂಡ ಹೊರಟಿತು, 1983ರಲ್ಲಿ ನಮ್ಮ ದೇಶ ಅಂಟಾರ್ಕ್ಟಿಕ ಒಪ್ಪಂದಕ್ಕೆ ಸೇರಿತು, ಮೈತ್ರಿ ಮತ್ತು ಭಾರತಿ ನೆಲೆಗಳು ಎದ್ದವು. ಈಗ ಕಾಲ ಬದಲಾಗಿದೆ. ಒಂದು ಹಂಗಾಮಿಗೆ ಲಕ್ಷಕ್ಕೂ ಹೆಚ್ಚು ಪ್ರವಾಸಿಗರು ಅಲ್ಲಿಗೆ ಹೋಗಿಬರುತ್ತಾರೆ. ನೀವೂ ಅರ್ಜೆಂಟೀನಾದ ಉಶುವಾಯಾ ಬಂದರಿನಲ್ಲಿ ಹಡಗು ಹತ್ತಿ, ಅಲೆಗಳಿಗೆ ಹೆಸರಾದ ಡ್ರೇಕ್ ಜಲಸಂಧಿಯನ್ನು ಎರಡು ದಿನದಲ್ಲಿ ದಾಟಿ, ಪೆಂಗ್ವಿನ್, ಸೀಲ್, ತಿಮಿಂಗಿಲ ನೋಡುತ್ತೀರಿ. ದುಡಿದು ಉಳಿಸಿದ ದುಡ್ಡಿನಲ್ಲಿ ಲೋಕ ನೋಡುವುದು ಒಳ್ಳೆಯದೇ. ಬೇಡ ಅನ್ನಲು ಈ ಪತ್ರ ಬರೆಯುತ್ತಿಲ್ಲ. ಅಲ್ಲಿ ನೀವು ಪಾಲಿಸಲಿರುವ ಶಿಸ್ತಿನ ಬಗ್ಗೆ ನನಗೊಂದು ಮಾತು ಹೇಳುವುದಿದೆ.

ಆ ಶಿಸ್ತು ಸಣ್ಣದಲ್ಲ. ಐನೂರಕ್ಕಿಂತ ಹೆಚ್ಚು ಪ್ರಯಾಣಿಕರಿರುವ ಹಡಗಿನಿಂದ ಯಾರನ್ನೂ ದಡಕ್ಕೆ ಇಳಿಸುವಂತಿಲ್ಲ. ಸಣ್ಣ ಹಡಗಾದರೂ ಒಂದು ಜಾಗದಲ್ಲಿ ಒಂದೇ ಹೊತ್ತಿಗೆ ನೂರು ಜನರಿಗಿಂತ ಹೆಚ್ಚು ಇರಬಾರದು. ರಬ್ಬರ್ ದೋಣಿಗೆ ಇಳಿಯುವ ಮುಂಚೆ ನಿಮ್ಮ ಜಾಕೀಟಿನ ಜೇಬು, ಪಟ್ಟಿಗಳ ಸಂದಿಯಲ್ಲಿ ಒಂದು ಹುಲ್ಲಿನ ಬೀಜವೂ ಉಳಿಯದಂತೆ ವ್ಯಾಕ್ಯೂಮ್ ಹಾಕಿ ತೆಗೆಯುತ್ತಾರೆ. ಬೂಟನ್ನು ಬ್ರಷ್‌ನಿಂದ ಉಜ್ಜಿ ಔಷಧಿ ನೀರಿನಲ್ಲಿ ಅದ್ದಿಸುತ್ತಾರೆ, ಮರಳಿ ಬಂದ ಮೇಲೆ ಮತ್ತೊಮ್ಮೆ. ತಿನ್ನುವ ಪದಾರ್ಥ ದಡಕ್ಕೆ ಒಯ್ಯುವಂತಿಲ್ಲ. ಪೆಂಗ್ವಿನ್‌ನಿಂದ ಕನಿಷ್ಠ ಐದು ಮೀಟರ್, ಅಂದರೆ ಸುಮಾರು ಮೂರು ಮಾರು ದೂರ ನಿಲ್ಲಬೇಕು. ಅದು ತನ್ನ ದಾರಿಯಲ್ಲಿ ನಡೆದು ಬಂದರೆ ನೀವೇ ನಿಂತು ದಾರಿ ಬಿಡಬೇಕು. 2023ರ ಅಕ್ಟೋಬರ್‌ನಲ್ಲಿ ಹಕ್ಕಿಜ್ವರ ಸೌತ್ ಜಾರ್ಜಿಯಾ ದ್ವೀಪದ ಸ್ಕುವಾ ಹಕ್ಕಿಗಳಲ್ಲಿ ಕಾಣಿಸಿ, 2024ರ ಫೆಬ್ರವರಿಯಲ್ಲಿ ಅಂಟಾರ್ಕ್ಟಿಕದ ಮುಖ್ಯ ಭೂಮಿಗೂ ತಲುಪಿದ್ದು ಖಚಿತವಾಯಿತು. ಸೋಂಕು ಹರಡಬಾರದೆಂದು ಈಗ ಅಲ್ಲಿ ಫೋಟೋಗಾಗಿ ನೆಲದ ಮೇಲೆ ಮಂಡಿಯೂರುವುದು, ಕೂರುವುದು ಕೂಡ ಇಲ್ಲ. ಉತ್ತರ ಧ್ರುವದ ಕಡೆಯ ಸ್ವಾಲ್ಬಾರ್ಡ್ ದ್ವೀಪಗಳಲ್ಲಿ 2025ರಿಂದ ಹಿಮಕರಡಿಗೆ 300 ಮೀಟರ್ ದೂರ ಬಿಡಬೇಕು, ಮಾರ್ಚ್‌ನಿಂದ ಜೂನ್‌ವರೆಗೆ 500 ಮೀಟರ್. ನಮ್ಮ ಸಂಸತ್ತೂ 2022ರಲ್ಲಿ ಅಂಟಾರ್ಕ್ಟಿಕ ಕಾಯ್ದೆ ಮಾಡಿ, ಅಲ್ಲಿನ ಹಕ್ಕಿ, ಪ್ರಾಣಿಗಳಿಗೆ ತೊಂದರೆ ಕೊಡುವುದನ್ನು ಅಪರಾಧ ಎಂದಿದೆ.

ಇದನ್ನೆಲ್ಲ ನೀವು ಒಂದು ಮಾತೂ ಆಡದೆ ಪಾಲಿಸುತ್ತೀರಿ, ನನಗೆ ಅನುಮಾನವಿಲ್ಲ.

ಈಗ ನಮ್ಮ ಊರ ಕಡೆ ನೋಡಿ. ದಕ್ಷಿಣ ಧ್ರುವದ ಹಡಗುಗಳು ಓಡುವುದು ನವೆಂಬರ್‌ನಿಂದ ಮಾರ್ಚ್‌ವರೆಗೆ. ಅದೇ ತಿಂಗಳುಗಳಲ್ಲಿ ಉತ್ತರ ಧ್ರುವದ ಅಂಚಿನ ಹಕ್ಕಿಗಳು ನಮ್ಮಲ್ಲಿ ಇರುತ್ತವೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಗದ್ದೆಗಳ ಕೆಸರಿನಲ್ಲಿ, ನೀರು ಇಳಿದ ಕೆರೆಯಂಚಿನಲ್ಲಿ ಗುಬ್ಬಿಯಷ್ಟೇ ಗಾತ್ರದ, ಕರಿ ಕಾಲಿನ ಹಕ್ಕಿಗಳ ಹಿಂಡು ಕಾಣುತ್ತದೆ. ಪುಟ್ಟ ಉಲ್ಲಂಕಿ ಅದು, ಹಕ್ಕಿ ನೋಡುವವರು ಲಿಟಲ್ ಸ್ಟಿಂಟ್ ಅನ್ನುತ್ತಾರೆ. ತೂಕ ಸಾಮಾನ್ಯವಾಗಿ ಮೂವತ್ತು ಗ್ರಾಂ ಕೂಡ ಇರುವುದಿಲ್ಲ. ತಲೆ ಬಗ್ಗಿಸಿ ಹೊಲಿಗೆ ಮಿಷನ್ನಿನ ಸೂಜಿಯಂತೆ ಕೆಸರನ್ನು ಚುಚ್ಚುತ್ತಾ ಓಡುತ್ತದೆ, ಕಣ್ಣಿಗೆ ಕಾಣದಷ್ಟು ಸಣ್ಣ ಹುಳು ಹೆಕ್ಕುತ್ತದೆ. ಇದು ಮೊಟ್ಟೆ ಇಡುವುದು ನಾರ್ವೆಯ ಉತ್ತರ ತುದಿ, ರಷ್ಯಾ-ಸೈಬೀರಿಯಾದ ಮರವಿಲ್ಲದ ಹಿಮಬಯಲಿನಲ್ಲಿ. ಅಲ್ಲಿ ಬೇಸಿಗೆ ಎರಡು ತಿಂಗಳ ಮಾತು. ಅದರೊಳಗೆ ಮರಿ ಮಾಡಿ, ಸಾವಿರಾರು ಕಿಲೋಮೀಟರ್ ಹಾರಿ ಇಲ್ಲಿಗೆ ಬರುತ್ತದೆ. ಏಪ್ರಿಲ್, ಮೇ ಹೊತ್ತಿಗೆ ಮರಳಿ ಹೊರಡಬೇಕು. ಆ ದಾರಿಗೆ ಬೇಕಾದ ಕೊಬ್ಬು ಅದರ ಮೈಗೆ ಹತ್ತುವುದು ನಮ್ಮ ಎರೆಮಣ್ಣಿನ ಕೆಸರಿನಿಂದ.

ಇಂಥ ಹಿಂಡಿನ ಹತ್ತಿರ ಒಬ್ಬ ಬೈಕ್ ತಂದು ಹಾರನ್ ಒತ್ತಿದರೆ, ಒಂದು ಕಲ್ಲು ಬಿದ್ದರೆ, ರೀಲ್ಸ್‌ಗಾಗಿ ಡ್ರೋನ್ ಏರಿದರೆ ಇಡೀ ಹಿಂಡು ಒಮ್ಮೆಲೇ ಏಳುತ್ತದೆ. ನೋಡಲು ಚೆಂದ. ಆದರೆ ಪ್ರತಿ ಸಲ ಎದ್ದಾಗಲೂ ಮೇಯುವ ಹೊತ್ತು ಹೋಯಿತು, ಕೂಡಿಟ್ಟ ಕೊಬ್ಬು ಕರಗಿತು. ದಿನಕ್ಕೆ ಹತ್ತು ಸಲ ಎಬ್ಬಿಸಿದರೆ ಆ ಹಕ್ಕಿ ಸೈಬೀರಿಯಾ ಮುಟ್ಟುವುದು ಹೇಗೆ? ಅಂಟಾರ್ಕ್ಟಿಕದ ದಡದಲ್ಲಿ ಬೆಕ್ಕು, ನಾಯಿ, ನರಿ ಇಲ್ಲ. ಅದಕ್ಕೇ ಪೆಂಗ್ವಿನ್ ಮನುಷ್ಯನನ್ನು ಅಷ್ಟು ಹತ್ತಿರ ಸೇರಿಸುತ್ತದೆ. ನಮ್ಮ ಕೆರೆಯ ಹಕ್ಕಿಗೆ ಐದು ಮೀಟರ್ ಏನೂ ಸಾಲದು. ಅದು ಮೇಯುವುದು ನಿಲ್ಲಿಸಿ ತಲೆ ಎತ್ತಿತೆಂದರೆ ನಾವು ಆಗಲೇ ಹೆಚ್ಚು ಹತ್ತಿರ ಹೋಗಿದ್ದೇವೆ ಎಂದೇ ಅರ್ಥ.

ನದಿಯದೂ ಇದೇ ಕಥೆ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ, ನಡುವೆ ನಾವು. ತುಂಗಭದ್ರೆಯಲ್ಲಿ ಮುದ್ಲಾಪುರದಿಂದ ಕಂಪ್ಲಿವರೆಗೆ 34 ಕಿಲೋಮೀಟರ್ ಉದ್ದಕ್ಕೆ 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶ ಘೋಷಣೆಯಾಯಿತು. ದೇವದುರ್ಗ, ರಾಯಚೂರು ತಾಲ್ಲೂಕಿನ ಕೃಷ್ಣೆಯಲ್ಲಿ ಮೊಸಳೆಗಳಿವೆ. ಮೋಟರ್ ಚಾಲೂ ಮಾಡಲು ದಂಡೆಗೆ ಇಳಿಯುವ ರೈತರಿಗೆ, ಹರಿಗೋಲಿನಲ್ಲಿ ನಡುಗಡ್ಡೆಗೆ ದಾಟುವವರಿಗೆ ಅದರ ಭಯ ಏನೆಂದು ಗೊತ್ತು, ಆ ಭಯವನ್ನು ಹಗುರ ಮಾಡಿ ಮಾತಾಡಬಾರದು. ಆದರೂ ಮೊಸಳೆಗೆ ಬೇರೆ ಮನೆಯಿಲ್ಲ. ಬೇಸಿಗೆಯಲ್ಲಿ ಹೊಳೆ ಇಳಿದಾಗ ಅದು ದಂಡೆಯ ಮರಳಿನಲ್ಲಿ ಗುಂಡಿ ತೋಡಿ ಮೊಟ್ಟೆ ಇಡುತ್ತದೆ. ಟಿಪ್ಪರ್‌ಗಳು ಮರಳಿಗೆ ಹೊಳೆಗಿಳಿಯುವುದೂ ಅದೇ ಬೇಸಿಗೆಯಲ್ಲಿ. ಒಂದು ರಾತ್ರಿ ಬಗೆದ ಮರಳಿನ ಜೊತೆ ಗೂಡೂ ಹೋಗುತ್ತದೆ. ನೀರುನಾಯಿ ಮೈ ಒಣಗಿಸಿಕೊಳ್ಳುವ ದಿಬ್ಬವೂ ಹೋಗುತ್ತದೆ. ಆ ಮರಳಿನಲ್ಲೇ ನಮ್ಮ ಮನೆಗಳು, ಅಂಗಡಿಗಳು, ಕಲ್ಯಾಣ ಮಂಟಪಗಳು ಏಳುತ್ತವೆ.

ಇನ್ನೊಂದು ಮಾತು ಹೇಳಲೇಬೇಕು. ಶಕ್ತಿನಗರದ ವಿದ್ಯುತ್ ಸ್ಥಾವರದ ಹಾರುಬೂದಿ ಕಂಡವರು ನಾವು, ಹೊಗೆ ಹೋದಲ್ಲೆಲ್ಲ ಏನು ಕೂರುತ್ತದೆ ಎಂದು ನಮಗೆ ಹೇಳಿಕೊಡಬೇಕಿಲ್ಲ. ಹಡಗಿನ ಇಂಧನದ ಮಸಿಯೂ ಹಿಮದ ಮೇಲೆ ಕೂರುತ್ತದೆ. ಬಿಳಿ ಹಿಮ ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ, ಮಸಿ ಕೂತ ಹಿಮ ಅದನ್ನು ಹೀರಿ ಬೇಗ ಕರಗುತ್ತದೆ. ಅಂಟಾರ್ಕ್ಟಿಕಕ್ಕೆ ಹೋಗುವ ಒಬ್ಬ ಪ್ರವಾಸಿಯ ಲೆಕ್ಕಕ್ಕೆ ಸುಮಾರು 83 ಟನ್ ಹಿಮ ಬೇಗ ಕರಗುತ್ತದೆಂದು 2022ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅಂದಾಜು ಮಾಡಿತು. ಎಷ್ಟೇ ಶಿಸ್ತಿನಿಂದ ನಡೆದರೂ ಈ ಸಾಲ ನಮ್ಮ ಮೇಲೆ ಉಳಿಯುತ್ತದೆ. ಅದನ್ನು ಅಲ್ಲಿ ತೀರಿಸುವ ದಾರಿಯಿಲ್ಲ, ಇಲ್ಲಿ ಸ್ವಲ್ಪವಾದರೂ ತೀರಿಸಬಹುದು.

ಹೇಗೆ ಅಂದರೆ, ಹಡಗಿನಲ್ಲಿ ಕಲಿತದ್ದನ್ನು ಊರಿಗೆ ತನ್ನಿ. ಪೆಂಗ್ವಿನ್ ಫೋಟೋ ತೋರಿಸಲು ನಿಮ್ಮನ್ನು ಶಾಲೆಗೆ, ಕ್ಲಬ್ಬಿಗೆ ಕರೆಯುತ್ತಾರೆ. ಬೂಟು ತೊಳೆಸಿದ್ದನ್ನೂ, ಹಕ್ಕಿಗೆ ದಾರಿ ಬಿಟ್ಟಿದ್ದನ್ನೂ ಅಲ್ಲಿ ಹೇಳಿ, ಅದೇ ಮಕ್ಕಳನ್ನು ಒಂದು ಬೆಳಿಗ್ಗೆ ಕೆರೆಯ ಏರಿಗೆ ಕರೆದೊಯ್ದು ದೂರದಿಂದ ಉಲ್ಲಂಕಿ ತೋರಿಸಿ. ಕೆರೆಯಂಚಿನಲ್ಲಿ ಪಾರ್ಟಿ ಮಾಡಿ ಬಾಟಲಿ ಒಡೆಯುವ ಗೆಳೆಯರಿದ್ದರೆ ನೀವೇ ತಡೆಯಿರಿ, ನಿಮ್ಮ ಮಾತಿಗೆ ತೂಕವಿದೆ. ಮನೆ ಕಟ್ಟಿಸುವಾಗ ಮರಳು ಎಲ್ಲಿಯದು ಎಂದು ರಸೀದಿ ಕೇಳಿ, ಇಲ್ಲದಿದ್ದರೆ ಬೇಡ ಅನ್ನಿ. ಕಲ್ಲು ಅರೆದು ಮಾಡಿದ ಎಂ-ಸ್ಯಾಂಡ್ ಸಿಗುತ್ತದೆ.

ಇದು ಆಗದ ಕೆಲಸ ಅನ್ನಬೇಡಿ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ, ಸುತ್ತಲಿನ ರೈತರ ಹೊಲದಲ್ಲೇ ಮೇಯುತ್ತವೆ. 2024ರಲ್ಲಿ ಆ ಕೆರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿ ಸೇರಿತು, ಹಗರಿಬೊಮ್ಮನಹಳ್ಳಿ ಬಳಿಯ ಅಂಕಸಮುದ್ರವೂ ಸೇರಿತು. ಎರಡೂ ನಮ್ಮಂಥ ಬಿಸಿಲು ನಾಡಿನ ಊರ ಕೆರೆಗಳೇ.

ಹೋಗಿ ಬನ್ನಿ, ಕಣ್ತುಂಬ ನೋಡಿ ಬನ್ನಿ. ಬಂದ ಮೇಲೆ ಊರ ಗ್ರಾಮಸಭೆಗೆ ಒಮ್ಮೆ ಬನ್ನಿ. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಕೆರೆಯಂಚಿಗೆ ಗಾಡಿ ಇಳಿಸಬಾರದು, ಡ್ರೋನ್ ಹಾರಿಸಬಾರದು ಎಂಬ ಠರಾವನ್ನು ನಾವು ಮುಂದಿಡುತ್ತೇವೆ. ಅದಕ್ಕೆ ಮೊದಲ ಕೈ ನಿಮ್ಮದಾಗಲಿ.

ಇತಿ ನಿಮ್ಮ ಸೀಮೆಯವನೇ ಆದ,
ಬಾಗಲವಾಡದ ಒಬ್ಬ ರೈತ