ಅರಿಶಿನ ಒಂದೇ ವಸ್ತುವಾ ಅಕ್ಕ?

ಅಕ್ಕ, ನಿಮ್ಮ ಮೊಮ್ಮಗಳು ಜಗಲಿ ಮೇಲೆ ಕೂತು ವಿಜ್ಞಾನ ಓದ್ತಿದ್ದದ್ದು ಬೇಲಿ ಈಚೆಗೂ ಕೇಳಿಸ್ತು. ಧಾತು, ಸಂಯುಕ್ತ, ಮಿಶ್ರಣ ಅಂತ ಅದೇ ಮೂರು ಮಾತು ತಿರುಗಿ ತಿರುಗಿ. ಉದಾಹರಣೆಗೆ ಕಬ್ಬಿಣದ ಚೂರು, ಗಂಧಕದ ಪುಡಿ. ಗಂಧಕ ಆ ಮಗು ಎಲ್ಲಿ ನೋಡಿದೆ? ನಿಮ್ಮ ಕಣದ ತುಂಬ ಬೇಯಿಸಿದ ಅರಿಶಿನ ಒಣಗ್ತಾ ಬಿದ್ದಿದೆಯಲ್ಲ, ಆ ಪಾಠವನ್ನೆಲ್ಲ ಅದರಲ್ಲೇ ಹೇಳಿಕೊಡಬಹುದು.

“ಅರಿಸ್ನ ಅಂದ್ರ ಅರಿಸ್ನ ಕನಪ್ಪ. ಅದ್ರಲ್ಲಿ ಏನ್ ಬೆರಕ? ನಾವೇನೂ ಬೆರ್ಸಿಲ್ವಲ್ಲ!”

ನೀವು ಬೆರೆಸಿಲ್ಲ, ಗಿಡವೇ ಬೆರೆಸಿದೆ. ಒಣಗಿದ ಕೊಂಬಿನಲ್ಲಿ ಬಹುಪಾಲು ಪಿಷ್ಟ. ಜೊತೆಗೆ ನಾರು, ಸ್ವಲ್ಪ ನೀರು, ಘಮ ಕೊಡೋ ಎಣ್ಣೆ. ನಾವು ಯಾವುದನ್ನ ಅರಿಶಿನ ಅಂತ ಕಣ್ಣಲ್ಲಿ ಗುರುತಿಸ್ತೀವೋ ಆ ಹಳದಿ, ಅಂದರೆ ಕರ್ಕ್ಯುಮಿನ್, ನೂರಕ್ಕೆ ಸುಮಾರು ಮೂರು ಪಾಲು ಅಷ್ಟೆ. ಅದೂ ತಳಿ ಬದಲಾದರೆ, ಮಣ್ಣು ಬದಲಾದರೆ ಹೆಚ್ಚು ಕಡಿಮೆ ಆಗುತ್ತೆ. ಹೀಗೆ ಪಾಲು ಏರಿಳಿಯೋದೇ ಮಿಶ್ರಣದ ಗುರುತು. ಕರ್ಕ್ಯುಮಿನ್ ಹಾಗಲ್ಲ. ನಮ್ಮ ಹೊಲದ್ದಾಗಲಿ, ಈರೋಡಿನ ಮಾರುಕಟ್ಟೆಯ ಮೂಟೆಯದ್ದಾಗಲಿ, ಅದರ ಒಂದೊಂದು ಅಣುವಿನಲ್ಲೂ ಇಂಗಾಲ 21, ಜಲಜನಕ 20, ಆಮ್ಲಜನಕ 6. ಒಂದು ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ. ಅದು ಸಂಯುಕ್ತ. ಆ ಇಂಗಾಲ, ಜಲಜನಕ, ಆಮ್ಲಜನಕ ಧಾತುಗಳು. ಯಾವ ರಾಸಾಯನಿಕ ಉಪಾಯದಿಂದಲೂ ಅವನ್ನ ಇನ್ನೂ ಸರಳವಾದ ವಸ್ತುವಾಗಿ ಒಡೆಯೋಕಾಗಲ್ಲ.

ಇಷ್ಟು ಸಲೀಸಾಗಿ ಹೇಳಿಬಿಟ್ಟೆ. ಆದರೆ ಅರಿಶಿನವೇ ದೊಡ್ಡ ದೊಡ್ಡವರನ್ನ ಎಷ್ಟು ಸತಾಯಿಸಿದೆ ನೋಡಿ. 1815ರಲ್ಲಿ ವೋಗೆಲ್ ಮತ್ತು ಪೆಲೆಟಿಯೇ ಅನ್ನೋರು ಅರಿಶಿನದಿಂದ ಹಳದಿ ವಸ್ತುವೊಂದನ್ನ ತೆಗೆದು ಅದಕ್ಕೆ ಕರ್ಕ್ಯುಮಿನ್ ಅಂತ ಹೆಸರಿಟ್ಟರು. ಆಮೇಲೆ ಗೊತ್ತಾಯ್ತು, ಅದು ರಾಳ ಮತ್ತು ಎಣ್ಣೆಯ ಬೆರಕೆ ಅಂತ. ಶುದ್ಧವಾದದ್ದು ಸಿಕ್ಕಿದ್ದು 1842ರಲ್ಲಿ. ಅಣುವಿನ ರಚನೆ ತಿಳಿಯೋ ಹೊತ್ತಿಗೆ 1910. ಅಷ್ಟಕ್ಕೂ ಮುಗೀಲಿಲ್ಲ. ಇವತ್ತು ಕರ್ಕ್ಯುಮಿನ್ ಅಂತ ಮಾರಾಟ ಆಗೋ ಪುಡಿಯಲ್ಲೂ ಸಾಮಾನ್ಯವಾಗಿ ಒಂದನ್ನೊಂದು ಹೋಲೋ ಮೂರು ಸಂಯುಕ್ತಗಳಿರ್ತವೆ. ಶುದ್ಧ ಅನ್ನೋದನ್ನ ಕಣ್ಣು ಹೇಳೋಕಾಗಲ್ಲ ಅಕ್ಕ, ಬೇರ್ಪಡಿಸಿ ನೋಡಿದವರೇ ಹೇಳಬೇಕು. ಅವರ ನಂತರ ಬಂದವರು ಇನ್ನೂ ಚೆನ್ನಾಗಿ ಬೇರ್ಪಡಿಸಿದರೆ ಆ ತೀರ್ಪೂ ತಿದ್ದಬೇಕು. ಪುಸ್ತಕದಲ್ಲಿ ಮೂರು ಮನೆ ಬರೆದು ತುಂಬಿಸು ಅನ್ನೋವಾಗ ಈ ಇನ್ನೂರು ವರ್ಷದ ಪಾಡು ಮಕ್ಕಳಿಗೆ ಕಾಣೋದೇ ಇಲ್ಲ. ನನಗೆ ಸಂಕಟ ಆಗೋದು ಅಲ್ಲೇ.

ಸುಣ್ಣದ ಕಥೆಯೂ ಹೀಗೇ. 1789ರಲ್ಲಿ ಫ್ರಾನ್ಸಿನ ಲವಾಸಿಯೇ ಒಡೆಯಲಾಗದ ಸರಳ ವಸ್ತುಗಳದ್ದೊಂದು ಪಟ್ಟಿ ಮಾಡಿದ. 33 ಹೆಸರು. ಅದರಲ್ಲಿ ಸುಣ್ಣವೂ ಇತ್ತು, ಬೆಳಕೂ ಇತ್ತು! ಸುಣ್ಣ ಒಡೆಯಬಹುದಾದ ವಸ್ತುವೇ ಇರಬೇಕು ಅನ್ನೋ ಅನುಮಾನ ಅವನಿಗೇ ಇತ್ತು, ಒಡೆಯೋ ದಾರಿ ಮಾತ್ರ ಗೊತ್ತಿರಲಿಲ್ಲ. 1808ರಲ್ಲಿ ಲಂಡನ್ನಿನಲ್ಲಿ ಹಂಫ್ರಿ ಡೇವಿ ವಿದ್ಯುತ್ತಿನ ಸಹಾಯದಿಂದ ಅದರೊಳಗಿನ ಕ್ಯಾಲ್ಸಿಯಂ ಹೊರಗೆ ತೆಗೆದ. ಹತ್ತೊಂಬತ್ತು ವರ್ಷದಲ್ಲಿ ಧಾತು ಅನ್ನಿಸಿಕೊಂಡದ್ದು ಸಂಯುಕ್ತ ಆಯ್ತು. ನೀವು ಆರತಿ ತಟ್ಟೆಯಲ್ಲಿ ಅರಿಶಿನ, ಸುಣ್ಣ ಕದಡಿ ಓಕುಳಿ ಮಾಡ್ತೀರಲ್ಲ, ಆ ಕೆಂಪು ನೀರಿಗೆ ನಿಂಬೆಹಣ್ಣು ಹಿಂಡಿ ನೋಡಿ. ಮತ್ತೆ ಹಳದಿಗೆ ತಿರುಗುತ್ತೆ. ಸುಣ್ಣದ ಕ್ಷಾರ ಕರ್ಕ್ಯುಮಿನ್ನಿನ ಅಣುವನ್ನ ಬದಲಿಸಿದ್ದಕ್ಕೆ ಕೆಂಪು ಬಂದದ್ದು. ಹುಳಿ ಬಿದ್ದ ತಕ್ಷಣ ಅದು ಹಿಂದಿನಂತಾಗುತ್ತೆ.

“ಹಂಗಾರ ನಮ್ ಬೆಲ್ಲ?”

ಬೆಲ್ಲವೂ ಮಿಶ್ರಣವೇ. ಹೆಚ್ಚಿನ ಪಾಲು ಸಕ್ಕರೆ, ಉಳಿದದ್ದು ಬೇರೆ ಸಿಹಿಗಳು, ಲವಣ, ನೀರು. ಆಲೆಮನೆಯಲ್ಲಿ ಕುದಿಯೋ ಕಬ್ಬಿನ ಹಾಲಿಗೆ ಸುಣ್ಣದ ತಿಳಿ ಬಿಟ್ಟು ನೊರೆ ಎತ್ತೋದು ಬೇರ್ಪಡಿಸೋ ಕೆಲಸವೇ. ಒಂದು ವಿಚಾರ ನೋಡಿ ಅಕ್ಕ. ಬೆಲ್ಲದ ಸಕ್ಕರೆಯಲ್ಲಿ ಇರೋದೂ ಇಂಗಾಲ, ಜಲಜನಕ, ಆಮ್ಲಜನಕ. ಗುಂಡ್ಲುಪೇಟೆಯಿಂದ ಊಟಿ, ಕೇರಳದ ಕಡೆ ಹೋಗೋ ದಾರಿಯಲ್ಲಿ ಜನ ಕಾರು ನಿಲ್ಲಿಸಿ ಫೋಟೋ ತೆಗೀತಾರಲ್ಲ, ಆ ಚೆಂಡು ಹೂವಿನ ಲ್ಯೂಟಿನ್ ಅನ್ನೋ ಬಣ್ಣ ಕೂಡ ಅದೇ ಮೂರರದ್ದು. ಇಂಗಾಲ 40, ಜಲಜನಕ 56, ಆಮ್ಲಜನಕ 2. ಅದನ್ನ ತೆಗೆದು ಕೋಳಿ ಮೇವಿಗೆ ಹಾಕ್ತಾರೆ, ಮೊಟ್ಟೆಯ ಭಂಡಾರ ಗಾಢ ಹಳದಿಯಾಗಲಿ ಅಂತ. ಕಬ್ಬು, ಅರಿಶಿನ, ಚೆಂಡು ಹೂವು, ನಮ್ಮ ತಾಲ್ಲೂಕಿನ ಮೂರು ಬೆಳೆಗೂ ಬಂಡವಾಳ ಅವೇ ಮೂರು ಧಾತು. ಲೆಕ್ಕ ಬದಲಾಯ್ತು, ಜೋಡಣೆ ಬದಲಾಯ್ತು, ಒಂದು ಸಿಹಿಯಾಯ್ತು, ಎರಡು ಬಣ್ಣವಾದವು. ಇದನ್ನ ಯೋಚಿಸಿದಾಗಲೆಲ್ಲ ನನಗೆ ಮೈ ಜುಮ್ ಅನ್ನುತ್ತೆ.

ಇನ್ನು ಚಾಮರಾಜನಗರದ ಕರಿಕಲ್ಲು. ವ್ಯಾಪಾರದವರು ಅದನ್ನ ಬ್ಲ್ಯಾಕ್ ಗ್ರಾನೈಟ್ ಅಂತಾರೆ, ಭೂವಿಜ್ಞಾನಿಗಳು ಡಾಲರೈಟ್ ಅಂತಾರೆ. ಹಳೆಯ ಬಂಡೆಯ ಬಿರುಕಿಗೆ ಕರಗಿದ ಶಿಲೆ ನುಗ್ಗಿ ಹೆಪ್ಪುಗಟ್ಟಿದ್ದು. ಪಾಲಿಶ್ ಮಾಡಿದರೆ ಕನ್ನಡಿ ಥರ ಒಂದೇ ಕಪ್ಪು. ಸೂಕ್ಷ್ಮದರ್ಶಕದ ಕೆಳಗೆ ಅದರ ತೆಳು ಬಿಲ್ಲೆ ಇಟ್ಟರೆ ಫೆಲ್ಡ್‌ಸ್ಪಾರ್ ಬೇರೆ, ಪೈರಾಕ್ಸೀನ್ ಬೇರೆ ಕಾಣುತ್ತೆ. ಅಯಸ್ಕಾಂತಕ್ಕೆ ಅಂಟೋ ಮ್ಯಾಗ್ನಟೈಟ್ ಕಣಗಳೂ ಒಂದಿಷ್ಟು ಇರ್ತವೆ. ಆ ಫೆಲ್ಡ್‌ಸ್ಪಾರ್ ಇನ್ನೂ ತುಂಟ. ಒಂದೇ ಹರಳು, ಆದರೂ ಅದರಲ್ಲಿ ಸೋಡಿಯಂ ಎಷ್ಟು, ಕ್ಯಾಲ್ಸಿಯಂ ಎಷ್ಟು ಅನ್ನೋದು ನಿಗದಿ ಇಲ್ಲ, ಜಾರ್ತಾ ಹೋಗುತ್ತೆ. ಪುಸ್ತಕದ ಮೂರು ಮನೆಯಲ್ಲಿ ಯಾವುದಕ್ಕೂ ಅದು ಸರಿಯಾಗಿ ಕೂರಲ್ಲ. ಅದಕ್ಕೆ ಘನ ದ್ರಾವಣ ಅಂತ ಬೇರೆಯೇ ಹೆಸರು. ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಮಂಜು ಮಿಶ್ರಣವೇ, ಗಾಳಿಯಲ್ಲಿ ತೇಲೋ ನೀರಿನ ಹನಿಗಳು. ಕರಗಿಯೂ ಇಲ್ಲ, ತಳಕ್ಕೂ ಇಳಿಯಲ್ಲ, ಅದಕ್ಕೆ ಕಲಿಲ ಅಂತಾರೆ. ಬಸ್ಸಿನ ದೀಪದ ಬೆಳಕು ಅಲ್ಲಿ ಕೋಲಿನ ಹಾಗೆ ಕಾಣೋದು ಆ ಹನಿಗಳು ಬೆಳಕನ್ನ ಚದುರಿಸೋದರಿಂದ.

ಮಗು ಇದನ್ನೆಲ್ಲ ಬಾಯಿಪಾಠ ಮಾಡೋದು ಬೇಡ. ಮೂರು ಗಾಜಿನ ಲೋಟ ತೆಗೆದುಕೊಡಿ. ಒಂದರಲ್ಲಿ ನೀರು, ಮೇಲೆ ನೀವು ಕುಟ್ಟಿದ ಅರಿಶಿನ ಒಂದು ಚಮಚ. ಇನ್ನೊಂದರಲ್ಲೂ ನೀರು, ಅದಕ್ಕೆ ಅಂಗಡಿಯಿಂದ ಬಿಡಿಯಾಗಿ ತಂದ ಪುಡಿ. ಕದಡದೆ ಬಿಡಿ. ಕರ್ಕ್ಯುಮಿನ್ ನೀರಿನಲ್ಲಿ ಕರಗೋದು ಬಹಳ ಕಮ್ಮಿ. ಒಳ್ಳೆ ಪುಡಿ ತಳಕ್ಕಿಳಿದು ನೀರು ತೆಳು ಹಳದಿಯಾಗಿ ಉಳಿಯುತ್ತೆ. ಮೆಟಾನಿಲ್ ಯೆಲ್ಲೋ ಥರದ ಕೃತಕ ಬಣ್ಣ ಬೆರೆಸಿದ್ದರೆ ಅದು ಕರಗಿ ನೀರೆಲ್ಲ ಗಾಢವಾಗುತ್ತೆ. ಆ ಬಣ್ಣ ತಿನ್ನೋಕೆ ಯೋಗ್ಯವಲ್ಲ, ಅದಕ್ಕೇ ಇದನ್ನ ನೀವೂ ನೋಡಿಕೊಳ್ಳಬೇಕು. ಮೂರನೇ ಲೋಟಕ್ಕೆ ನೀರು ಬೇಡ, ಕೊಬ್ಬರಿ ಎಣ್ಣೆ ಹಾಕಿ, ನಿಮ್ಮದೇ ಪುಡಿ ಕದಡಿ ರಾತ್ರಿಯಿಡೀ ಇಡಿ. ಪಿಷ್ಟ, ನಾರು ತಳದಲ್ಲಿ ಉಳಿದು ಹಳದಿ ಎಣ್ಣೆಗೆ ಇಳಿಯುತ್ತೆ. ಚೆಂಡು ಹೂವಿನ ಕಾರ್ಖಾನೆಯವರು ಹೆಕ್ಸೇನ್ ಅನ್ನೋ ದ್ರಾವಕ ಹಾಕಿ ಮಾಡೋದೂ ಇದೇ ಕೆಲಸ, ಅವಳಿಗೆ ಅದನ್ನೂ ಹೇಳಿ.